ಗೋವೈದ್ಯದಿಂದ ಗಲ್ಲಿಯ ಕ್ಲಿನಿಕ್‌ವರೆಗೆ



ಕನ್ನಡದ ಹಳೆಯ ಶಾಸ್ತ್ರಗ್ರಂಥಗಳಲ್ಲಿ ‘ಗೋವೈದ್ಯ’ ಎಂಬುದೊಂದಿದೆ. ಬರೆದವನು ಚಾಲುಕ್ಯ ರಾಜಮನೆತನದ ಕೀರ್ತಿವರ್ಮ. ಕಾಲ 12ನೇ ಶತಮಾನ. ಹೆಸರೇ ಹೇಳುವಂತೆ ಅದು ದನಗಳ ಚಿಕಿತ್ಸೆಯ ಪುಸ್ತಕ. ಅಂದಮೇಲೆ ಪಶುವೈದ್ಯ ನಮಗೆ ಹೊಸದೇನಲ್ಲ. ಹೊಸದು ಯಾವುದೆಂದರೆ, ಆ ವೈದ್ಯರ ಮೇಜಿನ ಮೇಲೆ ನಾಯಿ, ಬೆಕ್ಕು ಬಂದು ಕೂತದ್ದು. ನಿಮ್ಮ ಮನೆಯಲ್ಲೂ ಅಂಥ ಸದಸ್ಯರೊಬ್ಬರಿದ್ದರೆ ಈ ಚರಿತ್ರೆಯನ್ನು ಸ್ವಲ್ಪ ಕೇಳಿ. ಒಳ್ಳೆಯ ಡಾಕ್ಟರನ್ನು ಆರಿಸುವುದು ಹೇಗೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ಜಗತ್ತಿನ ಮೊದಲ ಪಶುವೈದ್ಯ ಶಾಲೆ 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸ್ಥಾಪನೆಯಾಯಿತು. ಸ್ಥಾಪಿಸಿದವನು ಕ್ಲೋಡ್ ಬೂರ್ಜೆಲಾ, ಕುದುರೆ ಸವಾರಿ ಕಲಿಸುತ್ತಿದ್ದವನು. ಆಗ ಯುರೋಪಿನ ಕೊಟ್ಟಿಗೆಗಳನ್ನು ಖಾಲಿ ಮಾಡುತ್ತಿದ್ದದ್ದು ರಿಂಡರ್‌ಪೆಸ್ಟ್. ನಮ್ಮ ರೈತರ ಬಾಯಲ್ಲಿ ಅದೇ ದೊಡ್ಡರೋಗ.

ನಮ್ಮ ದೇಶದಲ್ಲೂ ಕಥೆ ಶುರುವಾದದ್ದು ಕುದುರೆ, ದನಗಳಿಂದಲೇ. ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮು 1874ರಲ್ಲಿ ಓಡತೊಡಗಿತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಸಂಘ ಅಲ್ಲಿ ಹುಟ್ಟಿದ್ದೂ ಅದೇ ವರ್ಷ. ಮಿಲ್ ಮಾಲೀಕ ದಿನ್‌ಶಾ ಪೆಟಿಟ್ ಅವರ ದಾನದಿಂದ ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆ ಎದ್ದಿತು. 1886ರಲ್ಲಿ ಪರೇಲ್‌ನಲ್ಲೇ ಪಶುವೈದ್ಯ ಕಾಲೇಜು ತೆರೆಯಿತು. ಪುಣೆಯಲ್ಲಿ 1889ರಲ್ಲಿ ಸರ್ಕಾರದ ಪ್ರಯೋಗಾಲಯ, ಚೆನ್ನೈನ ವೇಪೇರಿಯಲ್ಲಿ 1903ರಲ್ಲಿ ಕಾಲೇಜು, ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್. ಇಷ್ಟು ಜನರ ದುಡಿಮೆಯ ಫಲವಾಗಿ ದೊಡ್ಡರೋಗ ಭೂಮಿಯಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು. ಮನುಷ್ಯರ ಸಿಡುಬಿನ ನಂತರ ಹೀಗೆ ಬೇರುಸಹಿತ ಹೋದ ರೋಗ ಇದೊಂದೇ.

ನಾಯಿಯ ಸರದಿ ಬಂದದ್ದು ಆಮೇಲೆ. ಮೋಟಾರು ಬಂದು ಕುದುರೆ ಬೀದಿ ಬಿಟ್ಟಿತು. ಊರಿನ ಡಾಕ್ಟರ ಕೈಗೆ ಸಾಕುಪ್ರಾಣಿಗಳು ಬಂದವು. ಮರಿನಾಯಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೊ ಎಂಬ ರೋಗವಂತೂ ಪತ್ತೆಯಾದದ್ದೇ 1978ರಲ್ಲಿ. ಆದ್ದರಿಂದ ಈಗಲೂ ಕೆಲವು ಡಾಕ್ಟರರ ಅನುಭವವೆಲ್ಲ ಹಸು, ಎಮ್ಮೆಯಲ್ಲಿರುತ್ತದೆ. ಅದು ಕೊರತೆಯಲ್ಲ. ಆದರೆ ನಿಮ್ಮದು ಬೆಕ್ಕಾದರೆ, ‘ದಿನಾ ಬೆಕ್ಕುಗಳನ್ನು ನೋಡುತ್ತೀರಾ?’ ಎಂದು ಸಂಕೋಚವಿಲ್ಲದೆ ಕೇಳಿ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯ ಪ್ರಕಾರ ಪಶುವೈದ್ಯರು ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಆ ಸಂಖ್ಯೆಯನ್ನೂ ಕೇಳಬಹುದು. ರಾತ್ರಿ ಹೊತ್ತು ತುರ್ತು ಬಂದರೆ ಎಲ್ಲಿಗೆ ಒಯ್ಯಬೇಕು, ಖರ್ಚು ಸುಮಾರು ಎಷ್ಟಾಗಬಹುದು ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಹಾಗೆಂದು ಹೇಳಿಬಿಡಿ. ಬೇರೆ ದಾರಿ ಇದ್ದರೆ ಅವರು ತೋರಿಸಿಯಾರು.

ಆರಿಸಿದ ಮೇಲೆ ನಿಮ್ಮ ಕೆಲಸವೂ ಇದೆ. ಊರಿನಲ್ಲಿ ನಮ್ಮ ಅಜ್ಜಂದಿರು ಡಾಕ್ಟರಿಗೆ ಏನು ಹೇಳುತ್ತಿದ್ದರು? ‘ನಿನ್ನೆ ಸಂಜೆಯಿಂದ ಮೇವು ಮುಟ್ಟಿಲ್ಲ, ಮೆಲುಕು ಹಾಕ್ತಿಲ್ಲ ಸ್ವಾಮೀ’. ಅರ್ಧ ರೋಗಪರೀಕ್ಷೆ ಅಲ್ಲೇ ಆಗಿಹೋಗುತ್ತಿತ್ತು. ನಾವು ಹೊರನಾಡ ಕನ್ನಡಿಗರಿಗೆ ಕಷ್ಟ ಎರಡು ಪಟ್ಟು: ನಾಯಿಗೆ ಮಾತಿಲ್ಲ, ನಮಗೆ ಮರಾಠಿಯೋ ತಮಿಳೋ ಪೂರ್ತಿ ಬರುವುದಿಲ್ಲ. ಅದಕ್ಕೇ ಒಂದು ಚೀಟಿ ಬರೆದುಕೊಂಡು ಹೋಗಿ. ಊಟ ಬಿಟ್ಟು ಎಷ್ಟು ದಿನ, ವಾಂತಿ ಎಷ್ಟು ಸಲ, ಏನು ತಿಂದಿತ್ತು, ಏನು ಔಷಧಿ ಹಾಕಿದಿರಿ. ಅಂಕಿಗಳಿಗೆ ಭಾಷೆ ಬೇಡ.

ನಾಯಿಯ ಮೈ ನಮ್ಮದಕ್ಕಿಂತ ಬಿಸಿ; 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಜ್ವರವೆಂದು ತಿಳಿದು ಮನೆಯ ಮಾತ್ರೆ ಕೊಡಬೇಡಿ. ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಪ್ರಾಣಕ್ಕೇ ಎರವಾಗಬಹುದು. ಲಸಿಕೆಯ ಪುಸ್ತಕವನ್ನು ರೇಷನ್ ಕಾರ್ಡಿನಷ್ಟೇ ಜೋಪಾನ ಮಾಡಿ. ವರ್ಗವಾಗಿ ಹೊಸ ಊರಿಗೆ ಹೋದಾಗ ಅಲ್ಲಿನ ಡಾಕ್ಟರಿಗೆ ನಿಮ್ಮ ನಾಯಿಯ ಪೂರ್ವಕಥೆ ಹೇಳುವುದು ಅದೊಂದೇ.

ಈ ಭಾನುವಾರ ಬಿಡುವಿದ್ದರೆ ಮನೆಯ ಹತ್ತಿರದ ಒಬ್ಬ ಡಾಕ್ಟರರನ್ನು ವಿಚಾರಿಸಿ, ನಾಯಿ ಹುಷಾರಾಗಿರುವಾಗಲೇ ಒಮ್ಮೆ ತೋರಿಸಿಕೊಂಡು ಬನ್ನಿ. ಅದು ಆರಾಮಾಗಿದ್ದಾಗ ಹೇಗಿರುತ್ತದೆ ಎಂದು ಕಂಡಿದ್ದವರಿಗೆ ಕಾಯಿಲೆ ಬಿದ್ದಾಗ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.