301 ರನ್ ಕೊಟ್ಟವರ ಕಥೆ

ಭಾಗ 1

ಭಾನುವಾರದ ಮ್ಯಾಚಲ್ಲಿ ನಾನು 4 ಓವರ್‌ಗೆ 57 ರನ್ ಕೊಟ್ಟಿದ್ದು ಕ್ಲಾಸಲ್ಲಿ ಎಲ್ರಿಗೂ ಗೊತ್ತು. ಗ್ರೂಪಲ್ಲಿ ಸ್ಟಿಕರ್ ಕೂಡ ಆಗಿದೆ. ನಗಿ, ಪರವಾಗಿಲ್ಲ. ಆದ್ರೆ ಅವತ್ತು ರಾತ್ರಿ ನಿದ್ದೆ ಬರದೆ ಹಳೇ ಸ್ಕೋರ್‌ಕಾರ್ಡ್ ಹುಡುಕೋಕೆ ಕೂತೆ. ನಮ್ಮ ರಾಜ್ಯದ ಪರ ಆಡಿ, ನನಗಿಂತ ಜಾಸ್ತಿ ಹೊಡೆಸ್ಕೊಂಡವರು ಯಾರಾದ್ರೂ ಇದ್ದಾರಾ ಅಂತ.

ಇದ್ದಾರೆ. ಒಂದೇ ಇನಿಂಗ್ಸಲ್ಲಿ 301 ರನ್. ಹೆಸರು ಬಿ.ಕೆ. ಗರುಡಾಚಾರ್. ಅವರೂ ಲೆಗ್ ಸ್ಪಿನ್ನರ್ರೇ. ನಗೋಣ ಅಂತ ಶುರು ಮಾಡಿದ್ದು, ಓದ್ತಾ ಓದ್ತಾ ಬೆಳಗಿನ ಜಾವ 2 ಗಂಟೆ ಆಯ್ತು.

ಅವರು ಆಡಿದ್ದು ಮೈಸೂರು ತಂಡಕ್ಕೆ. ಈಗಿನ ಕರ್ನಾಟಕ ರಣಜಿ ತಂಡ ಇದೆಯಲ್ಲ, ಅದರ ಹಳೇ ಹೆಸರೇ ಮೈಸೂರು. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯದಲ್ಲೇ ನಮ್ಮ ತಂಡ ಇತ್ತು. 1934ರ ನವೆಂಬರ್ 4, ಮದ್ರಾಸಿನ ಚೆಪಾಕ್. ಎದುರಾಳಿ ಮದ್ರಾಸ್. ನಾವು ಮೊದಲ ಇನಿಂಗ್ಸಲ್ಲಿ 48, ಎರಡನೇದರಲ್ಲಿ 59. ಅವರು ಹೊಡೆದಿದ್ದು ಬರೀ 130, ಅದೇ ಸಾಕಾಯ್ತು. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ತೆಗೆದ್ರು. ಇನಿಂಗ್ಸ್ ಮತ್ತು 23 ರನ್ ಸೋಲು, ಅದೂ ಒಂದೇ ದಿನದಲ್ಲಿ! ಆಗ ಗರುಡಾಚಾರ್‌ಗೆ 17 ವರ್ಷ, ಹೆಚ್ಚು ಕಡಿಮೆ ನಮ್ಮ ವಯಸ್ಸು. (ಹುಟ್ಟಿದ್ದು 1917ರ ಜನವರಿ 9.)

1941-42ರಲ್ಲಿ ಮೈಸೂರು ಫೈನಲ್‌ವರೆಗೂ ಹೋಯ್ತು. ಅಲ್ಲಿ ಬಾಂಬೆ ಎದುರು ಇನಿಂಗ್ಸ್ ಮತ್ತು 281 ರನ್ ಸೋಲು. ಅಂದ್ರೆ ನಮ್ಮದು ಹೊಡೆಸ್ಕೊಂಡು ಹೊಡೆಸ್ಕೊಂಡೇ ಕಲಿತ ತಂಡ.

ಭಾಗ 2

ಈಗ ಆ 301ರ ಮ್ಯಾಚಿಗೆ ಬರೋಣ. 1946ರ ಮಾರ್ಚ್, ಇಂದೋರ್, ರಣಜಿ ಸೆಮಿಫೈನಲ್. ಎದುರಿಗಿದ್ದದ್ದು ಹೋಳ್ಕರ್ ಸಂಸ್ಥಾನದ ತಂಡ. ಅದರಲ್ಲಿ ಭಾರತದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯುಡು ಇದ್ರು, ಆಗ ಅವರಿಗೆ 50 ವರ್ಷ.

ಹೋಳ್ಕರ್ ಹೊಡೆದಿದ್ದು 8 ವಿಕೆಟ್‌ಗೆ 912. ತಪ್ಪು ಟೈಪ್ ಮಾಡಿಲ್ಲ, ಒಂಬೈನೂರ ಹನ್ನೆರಡೇ. ಒಂದೇ ಇನಿಂಗ್ಸಲ್ಲಿ ಆರು ಜನರ ಸೆಂಚುರಿ: ಭಂಡಾರ್ಕರ್ 142, ಸರ್ವಟೆ 101, ಜಗದಾಳೆ 164, ನಾಯುಡು 101, ನಿಂಬಾಳ್ಕರ್ 172, ಪ್ರತಾಪ್ ಸಿಂಗ್ 100. ಒಂದೇ ಇನಿಂಗ್ಸಲ್ಲಿ ಆರು ಶತಕ ಅನ್ನೋದು ವಿಶ್ವದಾಖಲೆ. ಇನ್ನೊಂದು ಕಡೆ ನಮ್ಮ ಮೊದಲ ಇನಿಂಗ್ಸ್ 190ಕ್ಕೆ ಮುಗೀತು. ಸರ್ವಟೆ ಬೌಲಿಂಗಲ್ಲೂ ಬಿಡಲಿಲ್ಲ, 91 ರನ್‌ಗೆ 9 ವಿಕೆಟ್.

ಗರುಡಾಚಾರ್ ಲೆಕ್ಕ: 301 ರನ್, 4 ವಿಕೆಟ್. ಇಲ್ಲಿ ಸ್ವಲ್ಪ ನಿಲ್ಲಿ. 912ರಲ್ಲಿ ಮೂರನೇ ಒಂದು ಭಾಗ ಇವರ ಬೌಲಿಂಗಲ್ಲೇ ಹೋಗಿದೆ, ನಿಜ. ಆದ್ರೆ ಬಿದ್ದ 8 ವಿಕೆಟಲ್ಲಿ ಅರ್ಧ ಇವರದೇ. ಅಷ್ಟು ಹೊಡೆತ ಬೀಳ್ತಿದ್ರೂ ಕ್ಯಾಪ್ಟನ್ ಚೆಂಡು ಕಿತ್ಕೊಳ್ಳಲಿಲ್ಲ. ಇವರೂ ಸಾಕು ಅಂತ ಕೂರಲಿಲ್ಲ. 301 ರನ್ ಕೊಡಬೇಕು ಅಂದ್ರೆ ಮೊದಲು ಅಷ್ಟು ಹೊತ್ತು ಬೌಲ್ ಮಾಡಬೇಕಲ್ವಾ? ನಾನು ನಾಲ್ಕನೇ ಓವರ್ ಹಾಕೋ ಮುಂಚೆ ಮೊಣಕಾಲು ನೋವು ಅಂತ ನೆಪ ಹೇಳೋಕೆ ರೆಡಿ ಆಗಿದ್ದೆ. ಇದನ್ನ ಇಲ್ಲಿವರೆಗೂ ಯಾರಿಗೂ ಹೇಳಿರಲಿಲ್ಲ.

ಆಮೇಲೆ ನಮ್ಮ ಎರಡನೇ ಇನಿಂಗ್ಸ್. 722 ರನ್ ಹಿಂದೆ. ಮ್ಯಾಚ್ ಯಾವತ್ತೋ ಕೈಬಿಟ್ಟಿತ್ತು. ಅಂಥಾ ಹೊತ್ತಲ್ಲಿ ಗರುಡಾಚಾರ್ ಪ್ಯಾಡ್ ಕಟ್ಕೊಂಡು ಹೋಗಿ 164 ಹೊಡೆದ್ರು. ಅವರ ಜೀವನದ ಅತಿ ದೊಡ್ಡ ಸ್ಕೋರ್ ಅದೇ. ತಂಡ 509 ಮಾಡ್ತು. ಸೋಲು ತಪ್ಪಲಿಲ್ಲ. ಹೋಳ್ಕರ್ ಫೈನಲ್‌ಗೆ ಹೋಗಿ ಆ ವರ್ಷದ ಟ್ರೋಫಿನೂ ಗೆದ್ರು.

ನೆಟ್‌ನಲ್ಲಿ ಅವರ ಹೆಸರು ಹುಡುಕಿದ್ರೆ ಮೊದಲು ಕಣ್ಣಿಗೆ ಬೀಳೋದು ಈ 301. ಅದೇ ಮ್ಯಾಚಿನ 164 ನೋಡಬೇಕಂದ್ರೆ ಸ್ಕೋರ್‌ಕಾರ್ಡ್‌ನ ಕೆಳಗಿನವರೆಗೂ ಓದಬೇಕು.

ಭಾಗ 3

‘ಅಷ್ಟು ಒಳ್ಳೇ ಆಟಗಾರ ಆಗಿದ್ರೆ ಇಂಡಿಯಾಗೆ ಯಾಕೆ ಆಡ್ಲಿಲ್ಲ?’ ಅಂತ ರೂಮ್‌ಮೇಟ್ ಕೇಳ್ದ. ಒಳ್ಳೇ ಪ್ರಶ್ನೆ. ಉತ್ತರ ತಾರೀಖುಗಳಲ್ಲಿದೆ.

ಭಾರತ 1936ರ ಆಗಸ್ಟಲ್ಲಿ ಇಂಗ್ಲೆಂಡ್‌ನಲ್ಲಿ ಒಂದು ಟೆಸ್ಟ್ ಆಡ್ತು. ಅದರ ಮುಂದಿನ ಟೆಸ್ಟ್ 1946ರ ಜೂನಲ್ಲಿ. ನಡುವೆ ಎರಡನೇ ಮಹಾಯುದ್ಧ. ಸುಮಾರು ಹತ್ತು ವರ್ಷ ಭಾರತಕ್ಕೆ ಒಂದೂ ಟೆಸ್ಟ್ ಇಲ್ಲ. ಗರುಡಾಚಾರ್‌ಗೆ ಆಗ 19ರಿಂದ 29. ಒಬ್ಬ ಆಟಗಾರನ ಅತ್ಯುತ್ತಮ ವರ್ಷಗಳು ಅವೇ. 1946ರಲ್ಲಿ ಪಟೌಡಿ ನವಾಬರ ತಂಡ ಇಂಗ್ಲೆಂಡಿಗೆ ಹೊರಟಾಗ ಅದೇ ಸರ್ವಟೆಗೆ ಜಾಗ ಸಿಕ್ತು. ಅವರು ಅಲ್ಲಿ ಸರ್ರೆ ತಂಡದ ವಿರುದ್ಧ ಶೂಟೆ ಬ್ಯಾನರ್ಜಿ ಜೊತೆ ಕೊನೇ ವಿಕೆಟ್‌ಗೆ 249 ರನ್ ಸೇರಿಸಿ ಇತಿಹಾಸ ಮಾಡಿದ್ರು. ನಮ್ಮವರಿಗೆ ಆ ಕರೆ ಬರಲೇ ಇಲ್ಲ.

ಬೇರೆ ಆಟ, ಬೇರೆ ದೇಶದಲ್ಲೂ ಹೀಗೇ. ನ್ಯೂಜಿಲೆಂಡಲ್ಲಿ ಒಟಾಗೊ, ಕ್ಯಾಂಟರ್ಬರಿ ಅಂತ ಪ್ರಾಂತ್ಯದ ರಗ್ಬಿ ತಂಡಗಳಿವೆ. ಅಲ್ಲಿ ವರ್ಷಗಟ್ಟಲೆ ಆಡಿದವರಲ್ಲಿ ಆಲ್ ಬ್ಲ್ಯಾಕ್ಸ್ ಜರ್ಸಿ ಸಿಗೋದು ಕೆಲವೇ ಜನಕ್ಕೆ. ಉಳಿದವರು ಆಡದೇ ಇದ್ರೆ ಆ ತಂಡಗಳೇ ಇರ್ತಿರಲಿಲ್ಲ.

ಗರುಡಾಚಾರ್ ಆಡಿದ್ದು 27 ಪ್ರಥಮ ದರ್ಜೆ ಪಂದ್ಯ, ವಿಕೆಟ್ 100. ಈಗಿನವರಾದ್ರೆ ಮೂರ್ನಾಲ್ಕು ಸೀಸನ್‌ನಲ್ಲಿ ಅಷ್ಟು ಪಂದ್ಯ ಆಡ್ತಾರೆ. ಆಗ ಸೋತ ತಂಡ ಆ ವರ್ಷಕ್ಕೆ ಮನೆಗೆ ಹೋದ ಹಾಗೇ.

ಆದ್ರೆ ಅವರು ತುಂಬಾ ವರ್ಷ ಬದುಕಿದ್ರು, ಇದೇ ನನಗೆ ಇಷ್ಟ ಆದ ಭಾಗ. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯ್ತು. ಅದೇ ಸೀಸನ್‌ನಲ್ಲಿ ಪ್ರಸನ್ನ ನಾಯಕತ್ವದ ತಂಡ, ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನ ಸೆಮಿಫೈನಲಲ್ಲಿ ಹೊರಗೆ ಹಾಕಿ, ಮೊದಲ ಸಲ ರಣಜಿ ಗೆಲ್ತು. ಆಗ ಗರುಡಾಚಾರ್‌ಗೆ 57.

2010ರ ಜನವರಿಯಲ್ಲಿ ಫೈನಲ್ ನಮ್ಮೂರಿಗೇ ಬಂತು. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್, ಮೊದಲ ಸ್ಲೈಡಲ್ಲಿ ಇರೋದು ಅದೇ. ಮುಂಬೈ ಎದುರು 338 ಬೇಕಿತ್ತು, ಮನೀಶ್ ಪಾಂಡೆ 144 ಹೊಡೆದ್ರು, 331ಕ್ಕೆ ಆಲೌಟ್. 6 ರನ್ ಸೋಲು. ನಮ್ಮ ಮಾವ ಅವತ್ತು ಅಲ್ಲೇ ಇದ್ರು, ಈಗಲೂ ಆ ಮಾತು ತೆಗೆದ್ರೆ ಊಟ ಬಿಟ್ಟು ಎದ್ದು ಹೋಗ್ತಾರೆ. ಆ ವಾರ ಗರುಡಾಚಾರ್‌ಗೆ 93 ತುಂಬಿತ್ತು.

2015ರ ಮಾರ್ಚ್‌ನ ಫೈನಲಲ್ಲಿ ಎದುರಾಳಿ ತಮಿಳುನಾಡು. 1934ರಲ್ಲಿ ನಮ್ಮನ್ನ ಒಂದೇ ದಿನದಲ್ಲಿ ಮುಗಿಸಿದ ಅದೇ ಹಳೇ ಮದ್ರಾಸ್. ಕರುಣ್ ನಾಯರ್ 328, ಕರ್ನಾಟಕ 762, ಇನಿಂಗ್ಸ್ ಮತ್ತು 217 ರನ್ ಗೆಲುವು, ಎಂಟನೇ ರಣಜಿ ಟ್ರೋಫಿ. ಆಗ ಗರುಡಾಚಾರ್‌ಗೆ 98. ಮುಂದಿನ ಫೆಬ್ರವರಿಯಲ್ಲಿ, 99ನೇ ವಯಸ್ಸಿನಲ್ಲಿ, ಬದುಕಿದ್ದ ಭಾರತದ ಅತಿ ಹಿರಿಯ ಪ್ರಥಮ ದರ್ಜೆ ಕ್ರಿಕೆಟಿಗ ಅನ್ನಿಸಿಕೊಂಡೇ ತೀರಿಕೊಂಡ್ರು.

ಈ ಭಾನುವಾರ ಮತ್ತೆ ಮ್ಯಾಚ್ ಇದೆ. ಕ್ಯಾಪ್ಟನ್, ನೀನು ಇದನ್ನ ಓದ್ತಿದ್ರೆ ಕೇಳು: ಚೆಂಡು ಕೊಟ್ರೆ ನಾಲ್ಕೂ ಓವರ್ ಹಾಕ್ತೀನಿ, ಮೊಣಕಾಲು ಚೆನ್ನಾಗೇ ಇದೆ. ಸ್ಟಿಕರ್ ಮಾಡಿದವರು ಬ್ಯಾಟಿಂಗ್ ಮುಗಿಯೋವರೆಗೂ ಇರಿ.

ನಿಮ್ಮ ತಾತಂದಿರ ಹತ್ರ ಹಳೇ ಮೈಸೂರು ತಂಡದ ಫೋಟೋ, ಪೇಪರ್ ಕಟಿಂಗ್ ಏನಾದ್ರೂ ಇದ್ರೆ ಕೇಳಿ, ನನಗೆ ಡಿಎಂ ಮಾಡಿ. ಮುಂದಿನ ಕಂತಿಗೆ ಹಾಕ್ತೀನಿ.

#ಮೈಸೂರು #ರಣಜಿ #ನಮ್ಮೂರಇತಿಹಾಸ #ಲೆಗ್‌ಸ್ಪಿನ್