64 ಹಲ್ಲಿನ ಲೆಕ್ಕ: ರೋಬೋ ಗೇರ್‌ಬಾಕ್ಸ್ ಅಂಗಡಿಗೆ ಬಂದ ಕಥೆ

ಭಾಗ 1

ರೋಬೋ ಸ್ಪರ್ಧೆ ಅಂದ್ರೆ ಎಲ್ರೂ ಕೋಡಿಂಗ್ ಬಗ್ಗೆನೇ ಮಾತಾಡ್ತಾರೆ. ಪಾಪ, ಗೇರ್‌ಬಾಕ್ಸ್ ಕಡೆ ಯಾರೂ ತಿರುಗಿ ನೋಡಲ್ಲ. ಬಿಕಾಂ ಓದೋಳಿಗೆ ಈ ಉಸಾಬರಿ ಯಾಕೆ ಅಂತೀರಾ? ಈ ಕಥೆಯಲ್ಲಿ ಅರ್ಧ ವ್ಯಾಪಾರವೇ ಇದೆ, ಅದಕ್ಕೆ.

ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳಿಗಾಗಿ ‘ಫಸ್ಟ್’ ಅನ್ನೋ ಸಂಸ್ಥೆ ಇದೆ. 1989ರಲ್ಲಿ ಡೀನ್ ಕೇಮನ್ ಶುರು ಮಾಡಿದ್ದು. ಎಂಐಟಿಯ ಪ್ರೊಫೆಸರ್ ವುಡಿ ಫ್ಲವರ್ಸ್ ಜೊತೆಗೆ ನಿಂತರು. ಮೊದಲ ರೋಬೋ ಪಂದ್ಯ ನಡೆದದ್ದು 1992ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಊರಿನ ಒಂದು ಶಾಲೆಯ ಜಿಮ್‌ನಲ್ಲಿ. ಬಂದಿದ್ದು 28 ತಂಡ. ಎಲ್ಲರಿಗೂ ಒಂದೇ ಥರದ ಸಾಮಾನಿನ ಡಬ್ಬ, ಆರು ವಾರ ಟೈಮು. ನೋಡೋಕೆ ಎಷ್ಟು ನ್ಯಾಯ ಅಲ್ವಾ?

ಆ ಕಾಲದ ಡಬ್ಬದಲ್ಲಿ ಡ್ರಿಲ್ ಮೋಟಾರ್, ಕಾರಿನ ಕಿಟಕಿ ಏರಿಸೋ ಮೋಟಾರ್, ಮಕ್ಕಳು ಕೂತು ಓಡಿಸೋ ಆಟಿಕೆ ಕಾರಿನ ಮೋಟಾರ್, ಇಂಥವೇ ಇರ್ತಿದ್ವು. ಡ್ರಿಲ್ ಮೋಟಾರ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತೆ. ರೋಬೋದ ಚಕ್ರಕ್ಕೆ ಬೇಕಾಗಿರೋದು ಕೆಲವು ನೂರು ಸುತ್ತು, ಆದರೆ ಹೆಚ್ಚು ಬಲ. ಈ ವೇಗ ಕೊಟ್ಟು ಬಲ ತಗೊಳ್ಳೋ ವ್ಯವಹಾರ ನಡೆಯೋದು ಗೇರ್‌ಬಾಕ್ಸ್‌ನಲ್ಲಿ. ಅದನ್ನು ಕಟ್ಟೋಕೆ ಲೇತ್ ಬೇಕು, ಮಿಲ್ಲಿಂಗ್ ಮಷೀನ್ ಬೇಕು, ಅದನ್ನು ನಡೆಸೋ ಪಳಗಿದ ಕೈ ಬೇಕು. ದೊಡ್ಡ ಕಾರ್ಖಾನೆಯ ಬೆಂಬಲ ಇದ್ದ ತಂಡಕ್ಕೆ ಇದೆಲ್ಲ ಸಿಗ್ತಿತ್ತು. ಇಲ್ಲದವರು ಡ್ರಿಲ್‌ನ ಸ್ವಂತ ಗೇರ್‌ಬಾಕ್ಸನ್ನೇ ಹಾಗೇ ಎತ್ತಿ ಫ್ರೇಮಿಗೆ ಕಟ್ಟಬೇಕು. ಕೈಯಲ್ಲಿ ಹಿಡಿಯೋಕೆ ಮಾಡಿದ ದುಂಡನೆ ವಸ್ತುವನ್ನು ಅಲುಗದ ಹಾಗೆ ಕೂರಿಸೋದು ಎಂಥ ತಲೆನೋವು ಅಂತ ನೀವೇ ಯೋಚಿಸಿ.

ಡಬ್ಬ ಒಂದೇ. ಡಬ್ಬ ಬಿಚ್ಚೋ ವರ್ಕ್‌ಶಾಪ್ ಮಾತ್ರ ಒಂದೇ ಅಲ್ಲ.

ಭಾಗ 2

2004. ಇಂಡಿಯಾನಾದ ಕೊಕೊಮೊ ಅನ್ನೋ ಊರು. ಅಲ್ಲಿನ ‘ಟೆಕ್ನೋಕ್ಯಾಟ್ಸ್’ ತಂಡದ ಮಾರ್ಗದರ್ಶಕ ಆಂಡಿ ಬೇಕರ್, ಮಾರ್ಕ್ ಕೂರ್ಸ್ ಜೊತೆ ಸೇರಿ ಒಂದು ಕಂಪನಿ ತೆಗೆದರು. ಹೆಸರು ‘ಆಂಡಿಮಾರ್ಕ್’. ಮಾರೋದು ರೋಬೋ ಗೇರ್‌ಬಾಕ್ಸ್!

ನಮ್ಮ ಕಾಸ್ಟಿಂಗ್ ಕ್ಲಾಸ್ ನೆನಪಿಸಿಕೊಳ್ಳಿ. ಒಂದೇ ಒಂದು ಗೇರ್ ಮಾಡಿಸೋಕೆ ಮಷೀನ್ ಸೆಟ್ ಮಾಡಿದ್ರೆ ಆ ಖರ್ಚೆಲ್ಲ ಅದರ ತಲೆ ಮೇಲೆ. ನೂರಾರು ತಂಡಕ್ಕೆ ಒಂದೇ ಥರದ್ದು ಮಾಡಿದ್ರೆ ಅದೇ ಖರ್ಚು ಹಂಚಿಹೋಗುತ್ತೆ. ಮುಂದೆ ಇದೇ ಕಂಪನಿಯ ‘ಟಫ್‌ಬಾಕ್ಸ್’ ಸ್ಪರ್ಧೆಯ ಡಬ್ಬದೊಳಗೇ ಬರೋಕೆ ಶುರುವಾಯ್ತು.

“ರೆಡಿಮೇಡ್ ತಂದ್ರೆ ಮಕ್ಕಳು ಏನು ಕಲಿತಂಗಾಯ್ತು?” ಅಂತ ಕೇಳೋರು ಇದ್ದೇ ಇರ್ತಾರೆ. ಆ ಮಾತನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ಆದರೆ ಲೇತ್ ಇಲ್ಲದ ಶಾಲೆಯ ಮಕ್ಕಳು ಮೊದಲು ಗೇರ್ ಕೊರೆಯೋದನ್ನೇನೂ ಕಲೀತಿರಲಿಲ್ಲ. ಅವರಿಗೆ ಸಿಕ್ಕಿದ್ದು ಆಯ್ಕೆ ಮಾಡೋ ಅವಕಾಶ. ಅದು ಸಣ್ಣದೇನಲ್ಲ.

ಭಾಗ 3 (ಕ್ಯಾಲ್ಕುಲೇಟರ್ ತಗೊಳ್ಳಿ)

‘ಟಫ್‌ಬಾಕ್ಸ್ ಮಿನಿ’ಯಲ್ಲಿ ಎರಡು ಜೋಡಿ ಗೇರ್. 14 ಹಲ್ಲಿನದು 50 ಹಲ್ಲಿನದನ್ನು ತಿರುಗಿಸುತ್ತೆ, ಆಮೇಲೆ 16 ಹಲ್ಲಿನದು 48ರದ್ದನ್ನು. ಗುಣಿಸಿದ್ರೆ 10.71. ಅಂದ್ರೆ ಮೋಟಾರ್ 10.71 ಸುತ್ತು ಹಾಕಿದಾಗ ಚಕ್ರ ಒಂದು ಸುತ್ತು.

ಈಗ ಕೂಡಿಸಿ ನೋಡಿ. 14+50=64. 16+48=64!

ಈ ಗೇರ್‌ಗಳಲ್ಲಿ ಒಂದು ಇಂಚು ವ್ಯಾಸಕ್ಕೆ 20 ಹಲ್ಲು. ಹಾಗಾಗಿ ಎರಡು ಶಾಫ್ಟ್‌ಗಳ ನಡುವಿನ ದೂರ ಅಂದ್ರೆ ಒಟ್ಟು ಹಲ್ಲನ್ನು 40ರಿಂದ ಭಾಗಿಸಿದ್ದು: 1.6 ಇಂಚು. ಮೊತ್ತ 64 ಇರೋವರೆಗೂ ಪ್ಲೇಟಿನ ತೂತು ಬದಲಿಸಬೇಕಾಗಿಲ್ಲ. ಎರಡನೇ ಜೋಡಿಗೆ 14-50 ಹಾಕಿದ್ರೆ 12.75. 19-45 ಹಾಕಿದ್ರೆ 8.45ರ ಆಸುಪಾಸು. ಡಬ್ಬ ಅದೇ, ಸ್ವಭಾವ ಬೇರೆ.

‘ಸಿಮ್’ ಅನ್ನೋ ಮೋಟಾರ್ ಭಾರ ಇಲ್ಲದಾಗ ನಿಮಿಷಕ್ಕೆ ಸುಮಾರು 5300 ಸುತ್ತು. ಆರು ಇಂಚಿನ ಚಕ್ರ ಇದ್ರೆ, 10.71ರಲ್ಲಿ ಸೆಕೆಂಡಿಗೆ ಲೆಕ್ಕದ ಪ್ರಕಾರ 13 ಅಡಿ, 8.45ರಲ್ಲಿ 16 ಅಡಿ ದಾಟುತ್ತೆ. ಹಾಗಾದ್ರೆ ಎಲ್ಲರೂ 8.45 ತಗೋಬಹುದಲ್ವಾ? ಇಲ್ಲೇ ಇರೋದು ಮಜಾ. ಎದುರಾಳಿ ರೋಬೋ ಜೊತೆ ತಳ್ಳಾಟಕ್ಕೆ ಬಿದ್ದಾಗ ಚಕ್ರ ಜಾರದೆ ಮೋಟಾರ್ ಪೂರ್ತಿ ನಿಂತ್ರೆ, ಒಂದು ಸಿಮ್ ಎಳೆಯೋದೇ ಸುಮಾರು 130 ಆಂಪಿಯರ್. ಅಂಥವು ನಾಲ್ಕು. ರೋಬೋದ ಮುಖ್ಯ ಬ್ರೇಕರ್ 120 ಆಂಪಿಯರಿನದ್ದು. ಅದು ಟ್ರಿಪ್ ಆದ್ರೆ ಮೈದಾನದ ಮಧ್ಯ ರೋಬೋ ಕಲ್ಲಿನ ಹಾಗೆ ನಿಲ್ಲುತ್ತೆ.

ಭಾಗ 4 (ಕೊನೇದು)

ಸರಿ, ಗೇರ್ ಆರಿಸಿದ್ರಿ. ಕೂರಿಸೋದು? ಮೋಟಾರಿನ 8 ಮಿಲಿಮೀಟರ್ ಶಾಫ್ಟಿಗೆ ಚಿಕ್ಕ ಗೇರ್ ಜಾರದ ಹಾಗೆ ಒಂದು ಪುಟ್ಟ ಕೀ ಹಾಕ್ತಾರೆ, ಹೊರಗೆ ಬರದ ಹಾಗೆ ಕ್ಲಿಪ್. ಮುಂದಿನ ವರ್ಷಗಳಲ್ಲಿ ಅರ್ಧ ಇಂಚಿನ ಆರು ಮೂಲೆ ಶಾಫ್ಟ್ ರೂಢಿಗೆ ಬಂತು. ಅದಕ್ಕೆ ಕೀ ಕೊರೆಯೋ ರಗಳೆನೇ ಇಲ್ಲ, ಗೇರನ್ನು ಹಾಗೇ ತೂರಿಸಿದ್ರಾಯ್ತು. ವರ್ಕ್‌ಶಾಪ್ ಇಲ್ಲದವರಿಗೆ ಇನ್ನೊಂದು ಕೆಲಸ ಕಡಿಮೆ.

ಸ್ವಂತ ಪ್ಲೇಟ್ ಕೊರೆಯೋ ತಂಡಗಳು 1.6 ಇಂಚಿಗೆ ಇನ್ನೊಂದು 0.003 ಇಂಚು ಸೇರಿಸೋದುಂಟು. ಹೆಚ್ಚುಕಮ್ಮಿ ಒಂದು ಕೂದಲಿನ ದಪ್ಪ. ತೀರಾ ಬಿಗಿಯಾದ್ರೆ ಹಲ್ಲು ಹಲ್ಲಿಗೆ ಒತ್ತಿ ಸವೆಯುತ್ತೆ, ತೀರಾ ಸಡಿಲಾದ್ರೆ ತುದಿ ಮಾತ್ರ ತಾಗಿ ಮುರಿಯುತ್ತೆ. ಇಷ್ಟು ಆಚೀಚೆ ಆದ್ರೂ ವೇಗದ ಅನುಪಾತ ಒಂಚೂರೂ ಬದಲಾಗಲ್ಲ. ಅದಕ್ಕೆ ಕಾರಣ ಹಲ್ಲಿನ ಪಕ್ಕದ ಬಾಗು. ಸುರುಳಿಗೆ ಸುತ್ತಿದ ದಾರವನ್ನು ಎಳೆದು ಹಿಡಿದು ಬಿಚ್ಚಿದ್ರೆ ದಾರದ ತುದಿ ಬರೆಯೋ ಗೆರೆ ಇದೆಯಲ್ಲ, ಅದೇ ಆಕಾರ. ಗೇರ್ ಹಲ್ಲಿಗೆ ಇದು ಸರಿಹೋಗುತ್ತೆ ಅಂತ ಗಣಿತ ಹಾಕಿ ತೋರಿಸಿದ್ದು ಆಯ್ಲರ್, 18ನೇ ಶತಮಾನದಲ್ಲಿ.

ಇನ್ನೊಂದು ಮಾತು. ಈ ಗೇರ್‌ಗಳ ಒತ್ತುವ ಕೋನ 14.5 ಡಿಗ್ರಿ. ಇದೆಂಥ ವಿಚಿತ್ರ ಸಂಖ್ಯೆ ಅಂತೀರಾ? ಕ್ಯಾಲ್ಕುಲೇಟರ್ ಇನ್ನೂ ಕೈಯಲ್ಲಿದ್ರೆ ಸೈನ್ 14.5 ಒತ್ತಿ. ಹತ್ತಿರ ಹತ್ತಿರ ಕಾಲು ಬರುತ್ತೆ. ಕಾಗದದ ಮೇಲೆ ಸ್ಕೇಲ್ ಹಿಡಿದು ಗೆರೆ ಎಳೆಯೋ ಕಾಲದಲ್ಲಿ ಕಾಲು ಅಂದ್ರೆ ಎಷ್ಟು ಸಲೀಸು!