ತೆಂಗಿನ ಸೀಮೆಯ ಮನೆಗಳು: ಮಣೆಯಿಂದ ಬೀರುವಿನವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಪೀಠೋಪಕರಣಕ್ಕಿಂತ ಮೊದಲು ಜಾಗ ಹಿಡಿದದ್ದು ತೆಂಗಿನಕಾಯಿ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯನ್ನು ಸಿಪ್ಪೆ ಸಮೇತ 8ರಿಂದ 12 ತಿಂಗಳು ಅಟ್ಟದಲ್ಲಿ ಇಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೂ ಕಾಯಿ ಅಲ್ಲಿಂದ ಕೆಳಗಿಳಿಯುವುದಿಲ್ಲ. ಇಷ್ಟು ಭಾರ ಹೊರಲು ದಪ್ಪ ತೊಲೆಗಳು ಬೇಕು, ತೊಲೆಗಳಿಗೆ ಕಂಬಗಳು ಬೇಕು. ಅಟ್ಟದ ಕೆಳಗಿನ ಕೋಣೆಗಳು ತಗ್ಗಾಗಿ, ಮಬ್ಬಾಗಿ ಉಳಿದವು. ಬೆಳಕೂ ಗಾಳಿಯೂ ಇದ್ದದ್ದು ತೊಟ್ಟಿಯ ಸುತ್ತಲಿನ ಪಡಸಾಲೆಯಲ್ಲಿ. ಮುಂದೆ ಬಂದ ಮಂಚ, ಕುರ್ಚಿ, ಬೀರುಗಳೆಲ್ಲ ಈ ಕಟ್ಟಡಕ್ಕೆ ಹೊಂದಿಕೊಳ್ಳಬೇಕಾಯಿತು.

1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಭಾಗದಲ್ಲೂ ಹಾದುಹೋಗಿ ಇಲ್ಲಿನ ತೆಂಗಿನ ಬೇಸಾಯವನ್ನು ಬರೆದಿಟ್ಟಿದ್ದಾನೆ. ಅವನ ಗ್ರಂಥ 1807ರಲ್ಲಿ ಪ್ರಕಟವಾಯಿತು. ಆ ಕಾಲದ ಬದುಕು ನೆಲದ ಮೇಲಿನದು. ಊಟಕ್ಕೆ ಮಣೆ, ಮಲಗಲು ಚಾಪೆ ಮತ್ತು ಕಂಬಳಿ, ಬಂದವರಿಗೆ ಜಮಖಾನ. ಕೆಲಸ ಮುಗಿದ ಮೇಲೆ ಚಾಪೆ ಸುತ್ತಿ ಮೂಲೆ ಸೇರುತ್ತಿತ್ತು, ಮಣೆ ಗೋಡೆಗೆ ಒರಗುತ್ತಿತ್ತು. ಅದೇ ನಡುಮನೆ ಕಾಯಿ ಸುಲಿಯಲೋ ರಾಗಿ ಹಸನು ಮಾಡಲೋ ತೆರವಾಗುತ್ತಿತ್ತು. ಸಾಮಾನು ಇಡುವ ಕೆಲಸವನ್ನು ಗೋಡೆಯೇ ಮಾಡುತ್ತಿತ್ತು. ದೀಪಕ್ಕೆ ಗೂಡು, ಬಟ್ಟೆಗೆ ಗೂಟ, ಪಾತ್ರೆಗೆ ಗೋಡೆಗೆ ಕೂರಿಸಿದ ನಾಗಂದಿಗೆ. ಒಡವೆ ಮತ್ತು ರೇಷ್ಮೆ ಸೀರೆ ಹಿತ್ತಾಳೆ ಪಟ್ಟಿ ಹೊಡೆದ ಮರದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಅನುಕೂಲಸ್ಥರ ಪಡಸಾಲೆಯಲ್ಲಿ ತೊಲೆಗೆ ಸರಪಳಿ ಬಿಗಿದ ತೂಗುಮಂಚ ಇರುತ್ತಿತ್ತು. ಕಾಯಿ ಹೊರಲೆಂದು ಹಾಕಿದ ತೊಲೆ ಅದನ್ನೂ ಸುಲಭವಾಗಿ ಹೊರುತ್ತಿತ್ತು.

ಬಡಗಿಗಳ ಆಯ್ಕೆ ಮರದ ಗುಣ ನೋಡಿ ನಡೆಯುತ್ತಿತ್ತು. ಪೆಟ್ಟಿಗೆ, ಮಣೆಗೆ ಹಲಸು, ಕಂಬ, ಬಾಗಿಲಿಗೆ ತೇಗ, ಹೊನ್ನೆ, ಮತ್ತಿ, ಸಿರಿವಂತರಿಗೆ ಬೀಟೆ. ತೋಟದ ತುಂಬ ತೆಂಗಿದ್ದರೂ ಕುರ್ಚಿ ಮೇಜಿಗೆ ಅದು ಒದಗಲಿಲ್ಲ. ತೆಂಗಿನ ಕಾಂಡದ ಹೊರಭಾಗ ಗಟ್ಟಿ, ಒಳಭಾಗ ಮೆದು. ಹಾಗಾಗಿ ಹಳೆಯ ಮರ ಸೀಳಿ ಜಂತೆ, ಗಳುವಿಗೆ ಬಳಸಿದರು, ನಾರು ಹಗ್ಗವಾಯಿತು.

ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು. 1889ರ ಹೊತ್ತಿಗೆ ದಾರಿ ತಿಪಟೂರು, ಅರಸೀಕೆರೆ ಹಾದು ಹರಿಹರ ಮುಟ್ಟಿತು. ಸಂಪಿಗೆ ರೋಡ್, ಬಾಣಸಂದ್ರ ನಿಲ್ದಾಣಗಳು ಇರುವುದು ಇದೇ ಮಾರ್ಗದಲ್ಲಿ. ಕೊಬ್ಬರಿ ಉತ್ತರಕ್ಕೆ ಸಾಗುವುದು ಸುಲಭವಾಯಿತು, ತಿಪಟೂರಿನ ಮಂಡಿಗಳು ಬೆಳೆದವು. ಮಂಡಿಗೆ ಅದರದೇ ಪೀಠೋಪಕರಣ: ಬಿಳಿ ಬಟ್ಟೆ ಹೊದಿಸಿದ ಗಾದಿ, ಒರಗಲು ದಿಂಬು, ಚಕ್ಕಲಬಕ್ಕಲ ಕೂತವರ ಮೊಣಕಾಲಿನ ಮೇಲೆ ಬರುವಷ್ಟು ಎತ್ತರದ ಇಳಿಜಾರು ಮುಚ್ಚಳದ ಲೆಕ್ಕದ ಮೇಜು, ಪಕ್ಕದಲ್ಲಿ ಗಲ್ಲಾಪೆಟ್ಟಿಗೆ. ಮೇಜು ಎಂಬ ಹೊಸ ವಸ್ತು ಇಲ್ಲಿ ನೆಲದ ಬದುಕಿಗೆ ತಕ್ಕಂತೆ ಕಾಲು ತಗ್ಗಿಸಿಕೊಂಡಿತು.

ಎತ್ತರದ ಕುರ್ಚಿ ಮನೆಗೆ ಬಂದದ್ದು ಹೊರಗಿನವರ ಸಲುವಾಗಿ. ಅಮಲ್ದಾರರು, ಶಾಲೆಯ ಇನ್‌ಸ್ಪೆಕ್ಟರು, ವ್ಯಾಪಾರಿಗಳು ಬಂದಾಗ ಕೂರಲು ಜಗುಲಿ, ಪಡಸಾಲೆಯಲ್ಲಿ ಅದು ಇರುತ್ತಿತ್ತು. ಒಳಗೆ ಮಣೆಯೇ ಮುಂದುವರಿಯಿತು. ಈ ಕುರ್ಚಿಗಳಲ್ಲಿ ಎರಡು ಬಗೆ ಮುಖ್ಯ. ಒಂದು, ಆರಾಮ ಕುರ್ಚಿ: ಒರಗುವ ಭಾಗಕ್ಕೆ ಬೆತ್ತದ ಹೆಣಿಗೆ, ತೋಳಿನ ಅಡಿಯಲ್ಲಿ ಮಡಚಿದ ಇನ್ನೊಂದು ಪಟ್ಟಿ. ಪಟ್ಟಿಯನ್ನು ಮುಂದಕ್ಕೆ ತಿರುಗಿಸಿದರೆ ಕಾಲು ಚಾಚಬಹುದು. ಹೆಣಿಗೆಯ ಸಂದಿನಲ್ಲಿ ಗಾಳಿ ಆಡುವುದರಿಂದ ಬೆನ್ನು ಬೆವರುವುದಿಲ್ಲ. ಇನ್ನೊಂದು, ಮರವನ್ನು ಆವಿಯಲ್ಲಿ ಬಗ್ಗಿಸಿ ಮಾಡಿದ ಹಗುರ ಕುರ್ಚಿ. ಥೋನೆಟ್ ಕಂಪನಿ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯನ್ನು ಬಿಡಿಬಿಡಿಯಾಗಿ ಕಳಿಸುತ್ತಿದ್ದರು. ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಅದರ ಮಾದರಿಯ ಕುರ್ಚಿಗಳು ಲೋಕದ ಹೋಟೆಲು, ಕಚೇರಿಗಳನ್ನೆಲ್ಲ ತುಂಬಿದವು.

1925ರ ಪ್ಯಾರಿಸ್ ಪ್ರದರ್ಶನದಿಂದ ಹೆಸರಾದ ಆರ್ಟ್ ಡೆಕೋ ಶೈಲಿ ಮುಂದಿನ ದಶಕಗಳಲ್ಲಿ ಊರಿನ ಬಡಗಿಗಳ ಕೈಗೂ ತಲುಪಿತು. ಕೆತ್ತನೆ ಕಡಿಮೆಯಾಯಿತು, ಮೂಲೆಗಳು ದುಂಡಗಾದವು, ಬೀರುವಿನ ಬಾಗಿಲಿಗೆ ನಿಲುವುಗನ್ನಡಿ ಬಂತು. ಗೋದ್ರೆಜ್ 1923ರಲ್ಲಿ ಉಕ್ಕಿನ ಬೀರು ತಯಾರಿಸತೊಡಗಿತು. ಗೆದ್ದಲು ಹಿಡಿಯದ, ಭದ್ರವಾದ ಉಕ್ಕಿನ ಬೀರು ಕಾಲಕ್ರಮೇಣ ಮದುವೆಯ ಉಡುಗೊರೆಯಾಗಿ ಮರದ ಪೆಟ್ಟಿಗೆಯ ಜಾಗಕ್ಕೆ ಬಂತು. ತಾರಸಿ ಮನೆಗಳಲ್ಲಿ ಚಾವಣಿ ಎತ್ತರವಾಯಿತು, ಕಾಯಿ ಪ್ರತ್ಯೇಕ ಕೊಬ್ಬರಿ ಶೆಡ್ಡಿಗೆ ಹೋಯಿತು. ಆಗ ಸೋಫಾ, ಊಟದ ಮೇಜಿಗೆ ಒಳಮನೆಯಲ್ಲೂ ಎಡೆ ಸಿಕ್ಕಿತು.

ಹಳೆಯ ಸಾಮಾನನ್ನು ಇಂದಿನ ಮನೆಗೆ ಹೊಂದಿಸುವಾಗ ಈ ಚರಿತ್ರೆಯೇ ದಾರಿ ತೋರಿಸುತ್ತದೆ. ಮೊದಲು ನೋಡಬೇಕಾದದ್ದು ಎತ್ತರ. ಗಾದಿ, ಲೆಕ್ಕದ ಮೇಜು, ಪೆಟ್ಟಿಗೆ ಒಂದೇ ಮಟ್ಟದವು. ಒಟ್ಟಿಗೆ ಇಟ್ಟರೆ ಒಪ್ಪುತ್ತವೆ. ಅವುಗಳ ನಡುವೆ ದಪ್ಪ ಸೋಫಾ ಬಂದರೆ ಅವು ಹೂತುಹೋಗುತ್ತವೆ. ಎರಡನೆಯದು ನೆಲ. ಕೆಂಪು ಗಾರೆಗೆ ಬೀಟೆಯ ಕಡುಬಣ್ಣ, ಬೆತ್ತದ ಹಳದಿ ಸೇರುತ್ತವೆ; ಮೊಸಾಯಿಕ್ ನೆಲಕ್ಕೆ ದುಂಡು ಮೂಲೆಯ ತೇಗದ ಸಾಮಾನು ಸರಿಹೊಂದುತ್ತದೆ, ಎರಡೂ ಒಂದೇ ಕಾಲದವು. ಮೂರನೆಯದು ಭಾರ. ತೂಗುಮಂಚದ ಕೊಂಡಿಯನ್ನು ತಾರಸಿ ಹಾಕುವಾಗಲೇ ಕಬ್ಬಿಣದ ಕಂಬಿಗೆ ಬಿಗಿಯಬೇಕು. ಆಮೇಲೆ ಕೊರೆದು ಹಾಕುವುದು ಅಪಾಯ. ಹಳೆಯ ಬೀಟೆ, ತೇಗಕ್ಕೆ ಪೇಂಟ್ ಬಳಿದರೆ ಮರದ ಗೆರೆ ಮುಚ್ಚಿಹೋಗುತ್ತದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯಿಂದ ತೆಳುವಾಗಿ ಹಲವು ಸಲ ಒರೆಸುವ ಹಳೆಯ ಪಾಲಿಶ್ ಸಾಕು. ಕಿತ್ತುಹೋದ ಬೆತ್ತವನ್ನು ಮತ್ತೆ ಹೆಣೆಸಬಹುದು. ಅದರ ಬದಲು ಪ್ಲೈವುಡ್ ಹೊಡೆದರೆ ಆರಾಮ ಕುರ್ಚಿಯ ತಂಪು ಹೋಗುತ್ತದೆ.